ನಲ್ಲಿ ಟೀಚರ್ ಮತ್ತು ಮೇಲಿನ ಸಾಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಹೇಳಲಿ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತು, ಪಕ್ಕದ ಮನೆಯಲ್ಲಿ ನಡೆದದ್ದನ್ನೆಲ್ಲ ಗೋಡೆಯ ಈಚೆಯಿಂದ ಕೇಳಿಸಿಕೊಂಡವಳಿಗೆ ಕೋಪ ಬರದೆ ಇನ್ನೇನು ಬರಬೇಕು? ನಲ್ಲಿ ಟೀಚರ್ ಬಗ್ಗೆ ಈಗ ಒಬ್ಬೊಬ್ಬರು ಒಂದೊಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಕೆಲವರಿಗೆ ಅವಳು ದೇವತೆ, ಕೆಲವರಿಗೆ ಮನೆಹಾಳಿ. ಎರಡೂ ಅಲ್ಲ. ಅವಳು ಅಮ್ಮನ ಹಾಸಿಗೆ ಬಟ್ಟೆ ಒಗೆಯಲು ನಾಲ್ಕು ಬಕೆಟ್ ನೀರು ಬೇಕು ಎಂದು ಇಡೀ ಬಡಾವಣೆಯ ಬಾಗಿಲು ತಟ್ಟಿದ ಹೆಂಗಸು, ಅಷ್ಟೇ.

ನಮ್ಮ ಬಡಾವಣೆ ಊರಿನ ಅಂಚಿನಲ್ಲಿ, ಇಳಿಜಾರಿನ ಮೇಲಿದೆ. ಮುಖ್ಯರಸ್ತೆಗೆ ಅಂಟಿಕೊಂಡಂತೆ ಕೆಳಗಿನ ಬೀದಿ: ಕಾರು ನಿಲ್ಲಿಸಲು ಜಾಗ, ಮುಂದೆ ಹುಲ್ಲುಹಾಸು, ಗೇಟಿನ ಮೇಲೆ ದೀಪ. ಮೇಲೆ ಹೋದಂತೆ ಮನೆಗಳು ಕಿರಿದಾಗುತ್ತ ಹೋಗಿ, ತುದಿಯಲ್ಲಿ ಒಂದಕ್ಕೊಂದು ಹೆಗಲು ಕೊಟ್ಟು ನಿಂತ ನಮ್ಮ ಮನೆಗಳು ಸಿಗುತ್ತವೆ. ಅದೇ ಮೇಲಿನ ಸಾಲು. ಬೆಳಿಗ್ಗೆ ನೀರು ಬಿಟ್ಟರೆಂದರೆ ಮೊದಲು ಕೆಳಗಿನ ಬೀದಿಯವರ ಸಂಪು ತುಂಬಬೇಕು. ಕೆಲವರಂತೂ ಪೈಪಿಗೇ ಮೋಟಾರು ಹಾಕಿ ಎಳೆದುಕೊಳ್ಳುತ್ತಾರೆ. ಅವರ ಹುಲ್ಲು ನೆನೆದು, ಅವರ ಕಾರು ಮಿಂದು, ಆಮೇಲೆ ಏನಾದರೂ ಮಿಕ್ಕಿದ್ದರೆ ಅದು ಏದುಸಿರು ಬಿಡುತ್ತ ನಮ್ಮ ತನಕ ಹತ್ತಿ ಬರಬೇಕು. ಅಷ್ಟರಲ್ಲಿ ನೀರು ಬಿಡುವವನು ವಾಲ್ವು ಮುಚ್ಚಿ ಸೈಕಲ್ ಹತ್ತಿರುತ್ತಾನೆ. ನಮ್ಮ ನಲ್ಲಿಯಲ್ಲಿ ಬುಸ್ ಎಂದು ಗಾಳಿ ಬರುತ್ತದೆ, ಹಿಂದೆಯೇ ನಾಲ್ಕು ಹನಿ ಬಂದರೆ ಅದೇ ನಮ್ಮ ಭಾಗ್ಯ.

ನನ್ನ ಮನೆಗೂ ಟೀಚರ್ ಮನೆಗೂ ನಡುವೆ ಒಂದೇ ಗೋಡೆ. ಅವಳು ಮದುವೆಯಾಗಿರಲಿಲ್ಲ. ಪಕ್ಕದ ಬಡಾವಣೆಯ ಚಿಕ್ಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು, ಮನೆಯಲ್ಲಿ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಆ ತಾಯಿಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ರಕ್ತ ಸಂಬಂಧ ಏನಿಲ್ಲ, ಆದರೆ ನನ್ನನ್ನು ಅವರಷ್ಟು ಚೆನ್ನಾಗಿ ಬೈದವರು ಬೇರೆ ಯಾರೂ ಇಲ್ಲ. ದೊಡ್ಡಮ್ಮ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದವರು. ಹಾಸಿಗೆ ಬಟ್ಟೆಯ ವಿಷಯದಲ್ಲಿ ಅವರ ಮುಂದೆ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ. ಒಮ್ಮೆ ನಾನು ಹೊಲಿದ ದಿಂಬಿನ ಚೀಲ ನೋಡಿ, "ಇದೇನೇ, ಗೋಣಿಚೀಲಕ್ಕೆ ಅಂಚು ಹಾಕಿದ್ದೀಯಾ?" ಎಂದಿದ್ದರು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಗೋಡೆ ತಟ್ಟಿ, "ಸಿಟ್ಟು ಇಳೀತಾ? ಕಾಫಿ ಕುಡಿಯೋಕೆ ಬಾ" ಎಂದು ಕರೆದರು.

ಅಂಥ ಹೆಂಗಸು ಒಂದು ಬೆಳಿಗ್ಗೆ ಏಳಲು ಹೋಗಿ ಕುಸಿದು ಬಿದ್ದರು. ಎಡಪಕ್ಕ ಸ್ವಾಧೀನ ತಪ್ಪಿತು. ಬಲಗೈ ಆಡುತ್ತಿತ್ತು, ಬಾಯಿ ಮೊದಲಿಗಿಂತ ಜೋರಾಗಿತ್ತು. ಮಿಕ್ಕಿದ್ದೆಲ್ಲ ಹಾಸಿಗೆಯಲ್ಲೇ. "ಬಟ್ಟೆ ಒದ್ದೆಯಾದ ಕೂಡಲೇ ಬದಲಿಸಬೇಕು, ಮೈ ಒರೆಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತೆ, ಹುಣ್ಣಾದರೆ ಕಷ್ಟ" ಎಂದು ಡಾಕ್ಟರು ಎಚ್ಚರಿಸಿ ಕಳಿಸಿದ್ದರು. ಬದಲಿಸುವುದು ದೊಡ್ಡ ಮಾತಲ್ಲ. ಬದಲಿಸಿದ್ದನ್ನು ಒಗೆಯಲು ನೀರು ಎಲ್ಲಿಂದ? ಟೀಚರ್ ಬೆಳಿಗ್ಗೆ ಎದ್ದು ಎರಡು ಕೊಡ ಹಿಡಿದು ಇಳಿಜಾರು ಇಳಿದು ಹೋಗಿ, ಯಾರ ಮನೆಯ ಮುಂದಾದರೂ ನಿಂತು ಹಿಡಿದುಕೊಂಡು, ಮತ್ತೆ ಹತ್ತಿ ಬರುತ್ತಿದ್ದಳು. ದೊಡ್ಡಮ್ಮನ ಲೆಕ್ಕದಲ್ಲಿ ಹಾಸಿಗೆ ಬಟ್ಟೆಯನ್ನು ಸೋಪು ಹಾಕಿದ ಮೇಲೆ ಮೂರು ಸಲ ಜಾಲಿಸಬೇಕು. ಒಂದು ಸಲ ಕಡಿಮೆಯಾದರೂ ಮೂಸಿ ನೋಡಿ ಹೇಳಿಬಿಡುತ್ತಿದ್ದರು: "ಸೋಪು ಹೋಗಿಲ್ಲ." ಟೀಚರ್ ಗೋಡೆಯ ಆಚೆ ಸುಮ್ಮನೆ ನಿಟ್ಟುಸಿರು ಬಿಡುವುದು ನನಗೆ ಕೇಳುತ್ತಿತ್ತು.

ಆ ಹೊತ್ತಿಗೇ ಅವಳ ಶಾಲೆ ಮುಚ್ಚಿತು. ಏನು ಮಾಡುವುದು ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನೀರಿನ ಕಚೇರಿಯವರು ಮನೆ ಮನೆಗೆ ಹೋಗಿ ನೀರು ಉಳಿಸುವ ಪಾಠ ಹೇಳಲು ಜನ ಹುಡುಕುತ್ತಿದ್ದರು. ಇವಳು ಹೋಗಿ ನಿಂತಳು. ಅಲ್ಲಿನ ಇಂಜಿನಿಯರ್ ಇವಳು ಯಾವ ಬಡಾವಣೆಯವಳು ಎಂದು ಕೇಳಿ, ಮೇಲಿನ ಸಾಲು ಎಂದು ತಿಳಿದ ಮೇಲೆ ನಕ್ಕು, "ಹಾಗಾದ್ರೆ ಇದು ನಿಮ್ಮ ಕೆಲಸವೇ ಬಿಡಿ. ಕೆಳಗಿನವರು ಉಳಿಸಿದಷ್ಟೂ ನೀರು ಮೇಲಕ್ಕೆ ಏರುತ್ತೆ. ನಿಮ್ಮ ಮನೆ ನಲ್ಲೀಲೇ ಗೊತ್ತಾಗುತ್ತೆ ನಿಮ್ಮ ಪಾಠ ಫಲ ಕೊಡ್ತೋ ಇಲ್ವೋ ಅಂತ" ಎಂದನಂತೆ. ಬಂದು ನನಗೆ ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. "ಅಕ್ಕಾ, ಅಮ್ಮನ ಬಟ್ಟೆ ಇಲ್ಲೇ ಒಗೀಬಹುದು. ಕೆಳಗಿನ ಬೀದೀಲಿ ಕೊಡ ಹಿಡ್ಕೊಂಡು ನಿಲ್ಲೋದು ತಪ್ಪುತ್ತೆ" ಎಂದಳು. ನಾನು, "ಇಂಜಿನಿಯರ್ ಮಾತು ನಂಬ್ತೀಯಾ?" ಎಂದೆ. "ನೀರು ತಾನೇ ಅಕ್ಕಾ, ಕೆಳಗೆ ಎಳೆಯೋದು ಕಡಿಮೆಯಾದ್ರೆ ಮೇಲೆ ಬರಲೇಬೇಕು" ಎಂದಳು. ಅದು ಸರಿಯೇ. ನೀರಿನ ವಿಷಯದಲ್ಲಿ ಅವಳು ಹೇಳಿದ್ದು ಯಾವುದೂ ತಪ್ಪಾಗಲಿಲ್ಲ. ಮನುಷ್ಯರ ವಿಷಯದಲ್ಲೇ ಎಲ್ಲ ಕೆಟ್ಟದ್ದು.

ಶುರುವಿನಲ್ಲಿ ಅವಳಿಗೆ ಸಿಕ್ಕ ಮರ್ಯಾದೆ ಅಷ್ಟಿಷ್ಟಲ್ಲ. ಗೇಟಿನ ಹತ್ತಿರ ಹೋದರೆ ಒಳಗಿಂದಲೇ "ಏನೂ ಬೇಡ!" ಎಂಬ ಕೂಗು, ಇವಳೇನೋ ಸೋಪು ಮಾರಲು ಬಂದ ಹಾಗೆ. ಒಬ್ಬ ಯಜಮಾನರು ಪೈಪಿನಲ್ಲಿ ಕಾರು ತೊಳೆಯುತ್ತಲೇ ಪೂರ್ತಿ ಪಾಠ ಕೇಳಿ, "ಭಾಳ ಒಳ್ಳೆ ವಿಷಯ ಹೇಳಿದ್ರಿ" ಎಂದು ಹೊಗಳಿ, ಮತ್ತೆ ಕಾರಿನ ಚಕ್ರಕ್ಕೆ ನೀರು ಹಿಡಿದರಂತೆ. ನಲ್ಲಿ ಟೀಚರ್ ಎಂದು ಹೆಸರಿಟ್ಟವರೂ ಕೆಳಗಿನ ಬೀದಿಯವರೇ. ಇವಳು ಅದಕ್ಕೂ ಬೇಸರಿಸಿಕೊಳ್ಳಲಿಲ್ಲ. "ಟೀಚರ್ ಅನ್ನೋದಾದ್ರೂ ಉಳೀತಲ್ಲ ಅಕ್ಕಾ" ಎಂದು ನಕ್ಕಳು.

ಅವಳ ಪಾಠವೇನೂ ಭಾರಿ ಇರಲಿಲ್ಲ. ತರಕಾರಿ ತೊಳೆದ ನೀರು ಗಿಡಕ್ಕೆ ಹಾಕಿ. ಪಾತ್ರೆ ಉಜ್ಜುವಾಗ ನಲ್ಲಿ ಬಿಟ್ಟುಕೊಂಡು ನಿಲ್ಲಬೇಡಿ. ಶುದ್ಧ ಮಾಡುವ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಿ. ಫ್ಲಶ್ ಟ್ಯಾಂಕಿಗೆ ಒಂದಿಷ್ಟು ಬಟ್ಟೆಯ ನೀಲಿ ಹಾಕಿ ಸುಮ್ಮನೆ ಬಿಡಿ. ಯಾರೂ ಮುಟ್ಟದೆ ಕಮೋಡಿನೊಳಗೆ ನೀಲಿ ಇಳಿದರೆ ನಿಮ್ಮ ನೀರು ನಿಮಗೆ ಹೇಳದೆ ಕೇಳದೆ ಸೋರಿ ಹೋಗುತ್ತಿದೆ ಎಂದರ್ಥ. ಆ ನೀಲಿಯದ್ದೇ ದೊಡ್ಡ ತಮಾಷೆಯಾಯಿತು. ಕೆಳಗಿನ ಬೀದಿಯ ಹೆಂಗಸರು ಸಿಕ್ಕಲ್ಲೆಲ್ಲ "ನಿಮ್ಮನೇಲಿ ನೀಲಿ ಬಂತಾ? ನಮ್ಮನೇಲಿ ಎರಡರಲ್ಲೂ ಬಂತು" ಎಂದು ಮಗಳ ಮದುವೆ ಗೊತ್ತಾದಷ್ಟು ಸಂಭ್ರಮದಿಂದ ಹೇಳಿಕೊಳ್ಳುತ್ತಿದ್ದರು.

ಆದರೆ ಅದು ಬರೀ ನಗುವಿನಲ್ಲೇ ಮುಗಿಯುತ್ತಿತ್ತು. ನೀಲಿ ಬಂದರೂ ರಿಪೇರಿ ಮಾಡಿಸಿದವರು ಕಡಿಮೆ. ಬಡಾವಣೆಯ ಸಂಘದ ಅಧ್ಯಕ್ಷರ ಹೆಂಡತಿಯಂತೂ ನೇರವಾಗಿ ಕೇಳಿದರು: "ಬಿಲ್ ಕಟ್ಟೋರು ನಾವು. ನಮ್ಮನೆ ನೀರು ನಾವು ಚೆಲ್ಲಿದ್ರೆ ನಿಮಗೇನ್ರೀ ಕಷ್ಟ?" ಅವತ್ತು ಟೀಚರಿಗೆ ಏನಾಯಿತೋ. ಕಚೇರಿಯವರು ಹೇಳಿಕೊಟ್ಟ ಮಾತು ಬಿಟ್ಟು, "ನನಗೇ ಕಷ್ಟ ಮೇಡಂ" ಎಂದಳಂತೆ. ಆಮೇಲೆ ಮಲಗಿರುವ ಅಮ್ಮ, ಒದ್ದೆಯಾಗುವ ಹಾಸಿಗೆ, ಬೆನ್ನಿನ ಮೇಲೆ ಕೆಂಪಗೆ ಏಳುತ್ತಿರುವ ಗೆರೆ, ಇಳಿಜಾರಿನಲ್ಲಿ ಹೊತ್ತು ತರುವ ಕೊಡ, ಎಲ್ಲ ಹೇಳಿಬಿಟ್ಟಳು. ಅಧ್ಯಕ್ಷರ ಹೆಂಡತಿ ಕಣ್ಣೊರೆಸಿಕೊಂಡರು. ಮರುದಿನವೇ ಪ್ಲಂಬರನ್ನು ಕರೆಸಿ ತಮ್ಮ ಮನೆಯದಷ್ಟೇ ಅಲ್ಲ, ಅಕ್ಕಪಕ್ಕದವರ ಟ್ಯಾಂಕನ್ನೂ ಬಿಚ್ಚಿಸಿದರು.

ಟೀಚರಿಗೆ ದಾರಿ ಸಿಕ್ಕಿತು. ಅಂದಿನಿಂದ ಪ್ರತಿ ಮನೆಯಲ್ಲೂ ಪಾಠ ಶುರುವಾಗುತ್ತಿದ್ದದ್ದು ದೊಡ್ಡಮ್ಮನ ಹಾಸಿಗೆಯಿಂದಲೇ. ಜನ ಕೇಳಿದರು, ಕರಗಿದರು, ನಲ್ಲಿ ಮುಚ್ಚಿದರು. ನಾನು ಅವಳಿಗೆ ಒಮ್ಮೆ ಹೇಳಿದೆ. "ಟೀಚರೇ, ಮನೆ ಒಳಗಿನದನ್ನ ಹೀಗೆ ಬೀದಿಗೆ ಹರಡ್ತೀಯಲ್ಲ, ದೊಡ್ಡಮ್ಮನಿಗೆ ಗೊತ್ತಾದ್ರೆ?" "ಅಮ್ಮನಿಗೋಸ್ಕರ ತಾನೇ ಅಕ್ಕಾ" ಎಂದಳು. ಅವಳ ಮಾತಿನಲ್ಲಿ ಕಪಟ ಇರಲಿಲ್ಲ.

ಗೊತ್ತಾಗದೆ ಇರುತ್ತದೆಯೇ? ಒಂದು ಮಧ್ಯಾಹ್ನ ಅಧ್ಯಕ್ಷರ ಹೆಂಡತಿ ನಾಲ್ಕಾರು ಜನರನ್ನು ಕಟ್ಟಿಕೊಂಡು ಮೇಲಿನ ಸಾಲಿಗೆ ಬಂದೇಬಿಟ್ಟರು. ಹಣ್ಣು ತಂದಿದ್ದರು. ಮಂಚದ ಸುತ್ತ ನಿಂತರು. "ಅಜ್ಜಿ, ನಿಮಗೋಸ್ಕರ ನಾನು ಈಗ ಶವರ್ ಬಿಟ್ಟು ಬಕೆಟ್ಟಲ್ಲೇ ಸ್ನಾನ ಮಾಡ್ತೀನಿ" ಎಂದು ಒಬ್ಬಳು. "ನಿಮ್ಮ ಬೆನ್ನು ಈಗ ಹೇಗಿದೆ? ಬಟ್ಟೆ ದಿನಕ್ಕೆ ಎಷ್ಟು ಸಲ ಒದ್ದೆಯಾಗುತ್ತೆ?" ಎಂದು ಇನ್ನೊಬ್ಬಳು. ಒಬ್ಬರು ಫೋಟೋ ತೆಗೆದರು. ನಾನು ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿಕೊಂಡಿದ್ದೆ. ಜೀವಮಾನವೆಲ್ಲ ಊರಿನವರ ಹೊಲಸು ಬಟ್ಟೆ ಒಗೆದು, ಯಾರದ್ದು ಏನು ಎಂದು ಯಾರಿಗೂ ಬಾಯಿ ಬಿಡದೆ ಇದ್ದ ಹೆಂಗಸು ದೊಡ್ಡಮ್ಮ. ಅವರ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಸಂಜೆ ಗೋಡೆಯ ಆಚೆ ಜಗಳ ಶುರುವಾಯಿತು. "ನನ್ನನ್ನ ನೋಡೋಕೆ ಟಿಕೆಟ್ ಇಟ್ಟಿದ್ದೀಯೇನೇ?" ಎಂದು ದೊಡ್ಡಮ್ಮ. "ಅಮ್ಮಾ, ಅವರು ಪ್ರೀತಿಯಿಂದ ಬಂದಿದ್ದು." "ನನ್ನ ಉಚ್ಚೆ ಬಟ್ಟೆ ಮೇಲೆ ಏನು ಪ್ರೀತಿ ಅವರಿಗೆ? ಊರಿಗೆಲ್ಲ ಪಾಠ ಆಗೋಯ್ತು ನನ್ನ ಹಾಸಿಗೆ!" ಟೀಚರ್ ಅಳುತ್ತ ಹೇಳಿದಳು: "ಅಮ್ಮಾ, ನಾನು ಎಷ್ಟು ಅಂತ ಹೊರಲಿ? ನನ್ನ ಸೊಂಟ ಬಿದ್ದು ಹೋಗಿದೆ." ಕೊನೆಗೆ ದೊಡ್ಡಮ್ಮ, "ಸೊಂಟಕ್ಕೆ ಎಣ್ಣೆ ಹಚ್ಕೋ ಹೋಗು" ಎಂದದ್ದು ಕೇಳಿಸಿತು. ಜಗಳ ಮುಗಿಯಿತು ಎಂದುಕೊಂಡು ನಾನು ಯಂತ್ರ ತುಳಿಯತೊಡಗಿದೆ.

ನೀರು ಬಂತು. ಸುಳ್ಳಲ್ಲ, ನಿಜವಾಗಿ ಬಂತು. ಒಂದು ಬೆಳಿಗ್ಗೆ ನಮ್ಮ ನಲ್ಲಿಗಳು ಎಂದಿನಂತೆ ಕೆಮ್ಮಿ, ಬುಸುಗುಟ್ಟಿ, ಆಮೇಲೆ ನಿಲ್ಲದೆ ಬೆರಳು ಗಾತ್ರ ಹರಿಯತೊಡಗಿದವು. ಮೇಲಿನ ಸಾಲಿನವರೆಲ್ಲ ಹೊರಗೆ ಬಂದು ಒಬ್ಬರ ನಲ್ಲಿ ಒಬ್ಬರು ನೋಡಿದೆವು. ಟೀಚರ್ ಬಚ್ಚಲಲ್ಲಿ ಕೂತು ದೊಡ್ಡಮ್ಮನ ಬಟ್ಟೆಯನ್ನು ಮೂರು ಸಲ, ಬೇಕೆಂದೇ ನಾಲ್ಕನೆಯ ಸಲವೂ ಜಾಲಿಸಿ ಹಗ್ಗದ ಮೇಲೆ ಹರವಿದಳು. "ಅಕ್ಕಾ, ನೋಡಿ!" ಎಂದು ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಡಿದಳು. ನಾನು ಬೈದೆ. ನನಗೂ ಕಣ್ಣು ತುಂಬಿ ಬಂದಿತ್ತು. ದೊಡ್ಡಮ್ಮ ಬಟ್ಟೆ ಮೂಸಿ ನೋಡಿ, "ಹ್ಞೂಂ, ಇದು ಒಗೆತ" ಎಂದರು. ಬೆನ್ನಿನ ಕೆಂಪು ಇಳಿಯತೊಡಗಿತು.

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ನೀರು ಮತ್ತೆ ಸಣ್ಣಗಾಯಿತು, ಆಮೇಲೆ ನಿಂತೇ ಹೋಯಿತು. ಈ ಸಲ ಕೆಳಗಿನ ಬೀದಿಯಲ್ಲೂ ಕೂಗಾಟ. ಸೈಕಲ್ ತಳ್ಳಿಕೊಂಡು ಬಂದ ನೀರು ಬಿಡುವವನನ್ನು ನಾನೇ ಅಡ್ಡಗಟ್ಟಿ ಕೇಳಿದೆ. ಅವನು ಅತ್ತಿತ್ತ ನೋಡಿ, "ನಿಮ್ಮ ಬಡಾವಣೆ ವಾಲ್ವು ಅರ್ಧ ಮುಚ್ಚು ಅಂತ ಆರ್ಡರ್ ಆಗಿದೆ ಅಮ್ಮಾ. ಗುಡ್ಡದ ಆ ಕಡೆ ಹೊಸ ಅಪಾರ್ಟ್‌ಮೆಂಟು ಎದ್ದಿದೆಯಲ್ಲ, ಈಜುಕೊಳ ಇರೋದು, ಅಲ್ಲಿಗೆ ಹೋಗ್ತಿದೆ ನೀರು" ಎಂದ. ನನಗೆ ಉರಿದು ಹೋಯಿತು. ಟೀಚರನ್ನು ಎಳೆದುಕೊಂಡು ಕಚೇರಿಗೆ ಹೋದೆ.

ಇಂಜಿನಿಯರ್ ಎದ್ದು ನಿಂತು ಸ್ವಾಗತಿಸಿದ. "ಬನ್ನಿ ಬನ್ನಿ ಟೀಚರ್! ನಿಮ್ಮ ಬಡಾವಣೆ ಈಗ ನಮಗೆ ಮಾದರಿ. ಮೊದಲಿನ ಅರ್ಧದಲ್ಲೇ ನಡೆಸ್ತಿದ್ದೀರ. ಮೀಟರೇ ಹೇಳುತ್ತೆ."

"ಸಾರ್, ಅದು ಉಳಿದಿದ್ದಲ್ಲ. ಮೇಲಿನ ಸಾಲಿಗೆ ಏರ್ತಿತ್ತು. ನೀವೇ ಹೇಳಿದ್ರಲ್ಲ" ಎಂದಳು ಟೀಚರ್.

"ಹೇಳಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಮೇಲಿನ ಸಾಲಿಗೆ ಮೀಟರೇ ಇಲ್ವಲ್ಲಮ್ಮಾ. ಲೆಕ್ಕದಲ್ಲಿ ಅಲ್ಲಿಗೆ ನೀರೇ ಹೋಗಲ್ಲ. ಮೇಲಧಿಕಾರಿಗಳು ಕೇಳೋದು ನನ್ನನ್ನ. ಇಷ್ಟರಲ್ಲೇ ಸಾಕಾಗುತ್ತೆ ಅಂತ ನಿಮ್ಮವರೇ ತೋರಿಸಿಕೊಟ್ಟ ಮೇಲೆ ಇನ್ನೂ ಯಾಕೆ ಬಿಡ್ತೀಯಾ ಅಂತಾರೆ, ನಾನು ಏನು ಹೇಳಲಿ?"

"ನಮ್ಮ ಹೊಟ್ಟೆ ಮೇಲೆ ಹೊಡೆದು ಈಜೋರಿಗೆ ಕೊಡ್ತೀರಾ?" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಅವನು ನನ್ನ ಕಡೆ ನೋಡಲಿಲ್ಲ. ಟೀಚರ್ ಕಡೆಗೇ ತಿರುಗಿ, "ಬೇರೆ ಬಡಾವಣೆಗಳಿಗೂ ನಿಮ್ಮನ್ನೇ ಕಳಿಸ್ಬೇಕು ಅಂತಿದ್ದೀನಿ. ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದೀರ" ಎಂದ. ಅವನ ದನಿಯಲ್ಲಿ ವ್ಯಂಗ್ಯ ಒಂದಿಷ್ಟೂ ಇರಲಿಲ್ಲ. ಅವನು ನಿಜವಾಗಿ ಹೊಗಳುತ್ತಿದ್ದ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಸುದ್ದಿ ನಾವು ಮನೆ ಮುಟ್ಟುವ ಮೊದಲೇ ಬಡಾವಣೆ ಮುಟ್ಟಿತ್ತು. ಅಧ್ಯಕ್ಷರು ಸಭೆ ಕರೆದರು. "ಉಳಿಸಿದ್ದಕ್ಕೇ ಕಿತ್ಕೊಂಡಿದ್ದಾರೆ. ಹಾಗಿದ್ರೆ ಇನ್ಮೇಲೆ ಯಾರ ಮನೆ ಮೀಟರೂ ಇಳೀಬಾರದು" ಎಂದು ತೀರ್ಮಾನ ಕೊಟ್ಟರು. ನಂಬುತ್ತೀರೋ ಇಲ್ಲವೋ, ಮರುದಿನದಿಂದ ಕೆಳಗಿನ ಬೀದಿಯವರು ಸಂಪು ತುಂಬಿದ ಮೇಲೂ ನಲ್ಲಿ ಮುಚ್ಚಲಿಲ್ಲ. ಪೈಪು ಹಾಕಿ ಚರಂಡಿಗೆ ಬಿಟ್ಟರು. ಮೀಟರ್ ತಿರುಗಬೇಕಲ್ಲ! ಮೀಟರ್ ಏರಿದರೆ ಕಚೇರಿಯವರು ಮತ್ತೆ ವಾಲ್ವು ಪೂರ್ತಿ ತೆರೆಯುತ್ತಾರೆ ಎಂಬುದು ಅವರ ಬುದ್ಧಿವಂತಿಕೆ. ಇದ್ದ ಅರ್ಧ ನೀರೂ ಚರಂಡಿ ಪಾಲು. ಟೀಚರ್ ಬೇಡಿಕೊಳ್ಳಲು ಹೋದರೆ ಅಧ್ಯಕ್ಷರ ಹೆಂಡತಿ ಗೇಟು ತೆರೆಯಲಿಲ್ಲ. "ನಿಮ್ಮ ತಾಯಿ ಕಥೆ ಹೇಳಿ ನಮ್ಮನ್ನ ಮಂಗ ಮಾಡಿದ್ರಿ" ಎಂದು ಕಿಟಕಿಯಿಂದಲೇ ಹೇಳಿದರಂತೆ. ಮೊದಲೆಲ್ಲ ಒಂದೆರಡು ಕೊಡ ಹಿಡಿದುಕೊಳ್ಳಲು ಬಿಡುತ್ತಿದ್ದ ಮನೆಗಳೂ ಈಗ ಬಾಗಿಲು ಹಾಕಿಕೊಂಡವು. ಕೊನೆಗೆ ಅವಳು ಮುಖ್ಯರಸ್ತೆ ದಾಟಿ, ಪೆಟ್ರೋಲ್ ಬಂಕಿನ ನಲ್ಲಿಯಿಂದ ನೀರು ಹೊತ್ತು ತರಬೇಕಾಯಿತು.

ಮನೆಯಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ದೊಡ್ಡಮ್ಮನ ಹಾಸಿಗೆ ಮೊದಲಿನಷ್ಟು ಒದ್ದೆಯಾಗುವುದು ನಿಂತಿತು. ಹಗ್ಗದ ಮೇಲಿನ ಬಟ್ಟೆ ಕಡಿಮೆಯಾದದ್ದು ನನಗೂ ಕಾಣುತ್ತಿತ್ತು. "ಈ ಕಷ್ಟದಲ್ಲಿ ಇದೊಂದು ಒಳ್ಳೇದಾಯ್ತು ಅಕ್ಕಾ. ಅಮ್ಮನಿಗೆ ಸ್ವಲ್ಪ ಹಿಡಿತ ಬಂದಿರೋ ಹಾಗಿದೆ" ಎಂದಳು ಟೀಚರ್. ಅವಳು ಕೆಲಸಕ್ಕೆ ಹೋಗುವ ಮುಂಚೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಜಗ್ಗು ಕುಡಿಯುವ ನೀರು, ಲೋಟ ಇಟ್ಟು ಹೋಗುತ್ತಿದ್ದಳು. ಸಂಜೆಗೆ ಜಗ್ಗು ಖಾಲಿ. ಪಕ್ಕದಲ್ಲಿ ಮೈ ಒರೆಸುವ ನೀರಿನ ಬಕೆಟ್ಟು. ನಾನು ನಡುವೆ ಹೋಗಿ ನೋಡಿದಾಗಲೆಲ್ಲ ದೊಡ್ಡಮ್ಮ ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಬೈಗುಳ ಕಡಿಮೆಯಾಗಿತ್ತು. ಬಾಯಿ ಒಣಗಿದಂತಿತ್ತು. "ನೀರು ಕೊಡಲಾ ದೊಡ್ಡಮ್ಮಾ?" ಎಂದರೆ, "ಈಗ ತಾನೇ ಕುಡಿದೆ ಹೋಗೇ, ನಿನ್ನ ಕೆಲಸ ನೋಡ್ಕೋ" ಎನ್ನುತ್ತಿದ್ದರು.

ಒಂದು ದಿನ ಗೋಡೆಯ ಆಚೆಯಿಂದ ಏನೇನೋ ಬಡಬಡಿಕೆ ಕೇಳಿ ಓಡಿ ಹೋದೆ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಟೀಚರಿಗೆ ಫೋನು ಮಾಡಿ, ಆಟೋ ಕರೆಸಿ, ಇಬ್ಬರೂ ಹೊತ್ತುಕೊಂಡು ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರಮ್ಮ ದೊಡ್ಡಮ್ಮನ ಕೈಯ ಚರ್ಮ ಚಿವುಟಿ ಬಿಟ್ಟರು. ಅದು ಚಿವುಟಿದ ಹಾಗೇ ನಿಂತಿತು.

"ಇವರಿಗೆ ನೀರು ಕೊಡ್ತಾ ಇಲ್ವಾ ನೀವು?"

"ಒಂದು ಜಗ್ಗು ಪೂರ್ತಿ ಕುಡೀತಾರೆ ಡಾಕ್ಟ್ರೇ. ದಿನಾ ಖಾಲಿ ಆಗಿರುತ್ತೆ" ಎಂದಳು ಟೀಚರ್.

"ಕುಡಿದಿಲ್ಲ. ಭಾಳ ದಿನದಿಂದ ಸರಿಯಾಗಿ ಕುಡಿದಿಲ್ಲ ಇವರು. ಮೂತ್ರದಲ್ಲಿ ಸೋಂಕಾಗಿ ರಕ್ತಕ್ಕೆ ಏರಿದೆ. ಕಿಡ್ನಿ ಕೈಕೊಡ್ತಿದೆ."

ಡ್ರಿಪ್ಪು ಹಾಕಿ ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮನಿಗೆ ತುಸು ಎಚ್ಚರ ಬಂತು. ಮಗಳು ಮಂಚಕ್ಕೆ ಬಾಗಿ, "ಅಮ್ಮಾ, ಜಗ್ಗಿನ ನೀರು ಏನ್ಮಾಡ್ತಿದ್ದೆ?" ಎಂದು ಕೇಳಿದಳು.

"ಬಕೆಟ್ಟಿಗೆ ಹಾಕ್ತಿದ್ದೆ ಮಗಾ" ಎಂದರು ದೊಡ್ಡಮ್ಮ. ಬಚ್ಚಿಟ್ಟ ಗುಟ್ಟು ಹೇಳಿದ ಹಾಗಲ್ಲ, ಮಾಡಿದ ಕೆಲಸ ಒಪ್ಪಿಸಿದ ಹಾಗೆ ಹೇಳಿದರು. "ಕುಡಿದ್ರೆ ಬಟ್ಟೆ ಒದ್ದೆ. ಒಂದು ಬಟ್ಟೆಗೆ ಎಷ್ಟು ನೀರು ಬೇಕು ಅಂತ ನನಗೆ ಗೊತ್ತಿಲ್ವಾ? ನಿನ್ನ ಸೊಂಟ ಹೋಗ್ತಿತ್ತು. ಬಾಯಿ ಆರಿದಾಗ ತುಟಿ ಒದ್ದೆ ಮಾಡ್ಕೋತಿದ್ದೆ, ಸಾಕಾಗ್ತಿತ್ತು."

ಆ ಬಕೆಟ್ಟಿನ ನೀರಿನಲ್ಲೇ ಟೀಚರ್ ಸಂಜೆ ಸಂಜೆ ತಾಯಿಯ ಮೈ ಒರೆಸಿ, ಬಟ್ಟೆ ಜಾಲಿಸಿದ್ದಳು. ಬಕೆಟ್ಟು ಯಾಕೆ ಖಾಲಿಯಾಗುತ್ತಿಲ್ಲ ಎಂದು ಯೋಚಿಸಲು ಅವಳಿಗೆ ಪುರುಸೊತ್ತು ಎಲ್ಲಿತ್ತು? ಬೀದಿ ಬೀದಿ ಸುತ್ತಿ, ರಸ್ತೆ ದಾಟಿ ನೀರು ಹೊತ್ತು ಬಂದವಳಿಗೆ ಬಕೆಟ್ಟಿನಲ್ಲಿ ಇನ್ನೂ ನೀರಿದೆ ಎಂಬುದೇ ಸಾಕಾಗಿತ್ತು. ಅವಳು ಚಮಚದಲ್ಲಿ ನೀರು ಹಿಡಿದು, "ಅಮ್ಮಾ, ಒಂದೇ ಒಂದು ಗುಟುಕು, ನನ್ನ ಚಿನ್ನ ಅಲ್ವಾ, ಕುಡೀ ಅಮ್ಮಾ" ಎಂದು ಬೇಡತೊಡಗಿದಳು. ಕಡಿಮೆ ಬಳಸಿ, ಕಡಿಮೆ ಬಳಸಿ ಎಂದು ನೂರು ಮನೆಯಲ್ಲಿ ಹೇಳಿದ ಬಾಯಿ ಅದು. ದೊಡ್ಡಮ್ಮ ತುಟಿ ಬಿಗಿದುಕೊಂಡು, "ಆಸ್ಪತ್ರೆ ಬಟ್ಟೆ ಇದು, ಕೊಳೆ ಮಾಡಬಾರದು" ಎಂದರು. ಬೆಳಗಾಗುವುದರೊಳಗೆ ಹೋಗಿಬಿಟ್ಟರು.

ಹೆಣ ಮನೆಗೆ ಬಂದ ಹೊತ್ತಿಗೆ ಕಚೇರಿಯಿಂದ ಒಂದು ಟ್ಯಾಂಕರ್ ಬಂತು. ತಮ್ಮ ಕೆಲಸಗಾರ್ತಿಯ ಮನೆಯಲ್ಲಿ ಸಾವಾಗಿದೆ, ಬಂದವರಿಗೆ ಕೈಕಾಲು ತೊಳೆಯಲು ನೀರಿಲ್ಲದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಇಂಜಿನಿಯರ್ ಕಳಿಸಿದ್ದನಂತೆ. ತಾನೂ ಹಿಂದೆಯೇ ಬಂದ. ಟ್ಯಾಂಕರ್ ನೋಡಿದ ಕೂಡಲೇ ಮೇಲಿನ ಸಾಲಿನ ಬಾಗಿಲುಗಳೆಲ್ಲ ತೆರೆದುಕೊಂಡವು. ಕೊಡ, ಬಕೆಟ್ಟು, ಡ್ರಮ್ಮು. ಒಳಗೆ ಹೆಣ ಮಲಗಿಸಿದೆ, ಹೊರಗೆ ನೂಕುನುಗ್ಗಲು. ಥೂ ಎನಿಸಿತು. ಆದರೆ ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಎಷ್ಟು ದಿನದಿಂದ ಯಾರ ಮನೆಯಲ್ಲೂ ನೀರಿರಲಿಲ್ಲ.

ಇಂಜಿನಿಯರ್ ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಮುಗಿದು ನಿಂತ. "ವಯಸ್ಸಾಗಿತ್ತು. ಧೈರ್ಯ ತಂದ್ಕೋಬೇಕು ಟೀಚರ್" ಎಂದ.

ಟೀಚರ್ ತಲೆ ಎತ್ತಿದಳು. "ಸಾರ್, ನಮ್ಮಮ್ಮ ಕುಡೀದೆ ಉಳಿಸಿದ್ದೂ ಆ ಈಜುಕೊಳಕ್ಕೇ ಹೋಯ್ತಾ?" ಎಂದು ಕೇಳಿದಳು.

ಅವನಿಗೆ ಏನೂ ತಿಳಿದಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಜಗ್ಗು, ಬಕೆಟ್ಟು, ಚಿವುಟಿದ ಚರ್ಮ, ಒಂದನ್ನೂ ಬಿಡದೆ ಅವನ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವನು ಗೋಡೆ ಹಿಡಿದುಕೊಂಡ. ಕಲ್ಲೇನೂ ಅಲ್ಲ ಅವನು. ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ. "ಮೇಲಿನ ಸಾಲಿಗೆ ಬೇರೆ ವಾಲ್ವು ಇದೆಯಲ್ಲ, ಅದನ್ನ ನಾಳೆಯಿಂದ ಮೊದಲು ತೆಗೀರಿ. ಹೌದು, ಕೆಳಗಿನ ಬೀದಿಗಿಂತ ಮೊದಲು. ಯಾರು ಕೇಳಿದ್ರೂ ನನ್ನ ಹೆಸರು ಹೇಳಿ" ಎಂದ.

ಬೇರೆ ವಾಲ್ವು ಇತ್ತು! ಮೊದಲಿನಿಂದಲೂ ಇತ್ತು. ಯಾರಾದರೂ ಒಂದು ಸಲ ಬಗ್ಗಿ ತಿರುಗಿಸಿದ್ದರೆ ಸಾಕಿತ್ತು. ಟೀಚರ್ ಅದನ್ನು ಕೇಳಿಸಿಕೊಂಡಳು. ತಾಯಿಯ ಕಾಲಿನ ಮೇಲೆ ಜರುಗಿದ್ದ ಬಟ್ಟೆಯನ್ನು ಸರಿಮಾಡಿದಳು.

ಮರುದಿನದಿಂದ ಮೇಲಿನ ಸಾಲಿಗೆ ನೀರು ಬರುತ್ತಿದೆ. ಈಗಲೂ ಬರುತ್ತದೆ, ದಿನಾ ಬೆಳಿಗ್ಗೆ, ಧಾರಾಳವಾಗಿ. ನಮ್ಮ ಸಾಲಿನವರು ನೀರು ಹಿಡಿಯುತ್ತ, "ಪುಣ್ಯಾತ್ಗಿತ್ತಿ, ತಾನು ಹೋಗಿ ನಮಗೆ ನೀರು ಕೊಟ್ಟಳು" ಎಂದು ದೊಡ್ಡಮ್ಮನನ್ನು ನೆನೆಯುತ್ತಾರೆ. ಅದನ್ನು ಕೇಳಿದಾಗ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಕೊಟ್ಟದ್ದಲ್ಲ, ಅವರಿಂದ ಕಿತ್ತುಕೊಂಡದ್ದು, ಎಂದು ಕೂಗಬೇಕೆನಿಸುತ್ತದೆ. ಟೀಚರ್ ಆ ಮಾತಿಗೆ ಕಿವಿಗೊಡುವುದಿಲ್ಲ. ಅವಳು ಈಗಲೂ ಕೆಲಸಕ್ಕೆ ಹೋಗುತ್ತಾಳೆ, ಬೇರೆ ಬಡಾವಣೆಗೆ, ಹೊಟ್ಟೆಪಾಡು ನಡೆಯಬೇಕಲ್ಲ. ಬೆಳಿಗ್ಗೆ ಅವಳ ಬಚ್ಚಲಲ್ಲಿ ನಲ್ಲಿ ಭರ್ರೆಂದು ಸುರಿಯುವುದು ಗೋಡೆಯ ಈಚೆಗೆ ಕೇಳುತ್ತದೆ. ಒಗೆಯಲು ಅವಳ ಎರಡು ಸೀರೆ ಬಿಟ್ಟರೆ ಏನಿಲ್ಲ. ತುಂಬಿದ ಬಕೆಟ್ಟುಗಳನ್ನು ನನ್ನ ಬಾಗಿಲಿಗೆ ತಂದು ಇಟ್ಟು, "ನನಗೆ ಇಷ್ಟೊಂದು ಏನಕ್ಕೆ ಅಕ್ಕಾ, ನೀವು ಬಳಸ್ಕೊಳ್ಳಿ" ಎನ್ನುತ್ತಾಳೆ. ನಾನು ತೆಗೆದುಕೊಳ್ಳುತ್ತೇನೆ.